ವಾರದ ಕಿರಾಣಿ ಖರ್ಚು ಇಳಿಸಬೇಕೆಂದರೆ ಜೋಳದ ಚೀಲದಿಂದ ಶುರು ಮಾಡಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಷ್ಟೋ ಮನೆಗಳಲ್ಲಿ ವರ್ಷಕ್ಕೊಮ್ಮೆ ಕೊಳ್ಳಬೇಕಾದ ಸಾಮಾನನ್ನು ವಾರವಾರ ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ. ಖರ್ಚು ಕೈಮೀರುವುದು ಅಲ್ಲೇ. ಜೋಳ, ತೊಗರಿ ಬ್ಯಾಳಿ, ಒಣ ಮೆಣಸಿನಕಾಯಿ, ಹುಣಸೆಹಣ್ಣು, ಬೆಲ್ಲ, ಈ ಐದೂ ನಮ್ಮ ಹೊಲದವು ಇಲ್ಲವೇ ನೆರೆಯ ಜಿಲ್ಲೆಗಳವು. ರಾಶಿಯಾದ ಹೊಸತರಲ್ಲಿ ಇವುಗಳ ದರ ಸಾಮಾನ್ಯವಾಗಿ ಇಳಿದಿರುತ್ತದೆ, ಮಾಲೂ ಚೆನ್ನಾಗಿರುತ್ತದೆ. ಆಗ ತಂದು ಕೆಡದಂತೆ ಇಟ್ಟುಕೊಂಡ ಮನೆಗೆ ವಾರದ ಸಂತಿಯಲ್ಲಿ ಉಳಿಯುವುದು ತರಕಾರಿ, ಹಾಲು, ಎಣ್ಣೆ ಮತ್ತು ಸಣ್ಣಪುಟ್ಟ ಸಾಮಾನು ಮಾತ್ರ.

ಆದರೆ ಚೀಲ ತರುವ ಮುಂಚೆ ನಾಲ್ಕು ವಾರ ಲೆಕ್ಕ ಬರೆಯಿರಿ. ಬರೀ ರೂಪಾಯಿ ಬರೆದರೆ ಪ್ರಯೋಜನವಿಲ್ಲ. ಸಾಮಾನು, ತೂಕ, ದರ ಮೂರೂ ಬೇಕು. "ಕಿರಾಣಿ 740" ಎಂದು ಬರೆದ ಚೀಟಿಯಿಂದ ಏನೂ ಗೊತ್ತಾಗುವುದಿಲ್ಲ. ತಿಂಗಳ ಕೊನೆಗೆ ಅದನ್ನು ನಾಲ್ಕಾಗಿ ವಿಂಗಡಿಸಿ: ವರ್ಷದ ಸಾಮಾನು, ತಿಂಗಳ ಸಾಮಾನು (ಎಣ್ಣೆ, ಸಕ್ಕರೆ, ಚಹಾಪುಡಿ, ರವಾ, ಅವಲಕ್ಕಿ), ವಾರದ್ದು (ತರಕಾರಿ, ಹಾಲು, ತತ್ತಿ, ಹಣ್ಣು), ಮತ್ತು ಯೋಚಿಸದೆ ತಂದದ್ದು. ಈ ಕೊನೆಯ ಗುಂಪಿನಲ್ಲಿ ಐದು, ಹತ್ತು ರೂಪಾಯಿಯ ಪಾಕೀಟುಗಳೇ ಹೆಚ್ಚಿರುತ್ತವೆ. ಅವುಗಳ ಬೆಲೆ ಹಾಗೇ ಉಳಿದಿರುತ್ತದೆ, ಒಳಗಿನ ಗ್ರಾಂ ಕಡಿಮೆಯಾಗುತ್ತಾ ಹೋಗಿರುತ್ತದೆ. ಹತ್ತು ರೂಪಾಯಿ ಪಾಕೀಟಿನಲ್ಲಿ 20 ಗ್ರಾಂ ಚಹಾಪುಡಿ ಇದ್ದರೆ ಕಿಲೋಗೆ 500 ರೂಪಾಯಿ ಕೊಟ್ಟಂತಾಯಿತು. ಹೀಗೆ ಕಿಲೋ ಲೆಕ್ಕಕ್ಕೆ ತಂದು ನೋಡುವ ರೂಢಿ ಮೊದಲು ಬೀಳಬೇಕು.

ಒಂದು ಮನೆಗೆ ಎಷ್ಟು ಬೇಕು

ಇಬ್ಬರು ದೊಡ್ಡವರು, ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುವ ಮನೆಯ ಅಂದಾಜು ಇದು. ಒಂದು ಸಾಧಾರಣ ಜೋಳದ ರೊಟ್ಟಿಗೆ 65 ಗ್ರಾಂ ಹಿಟ್ಟು ಹಿಡಿಯಿರಿ, ಕಿಲೋಗೆ 15 ರೊಟ್ಟಿ. ದಿನಕ್ಕೆ 10 ರೊಟ್ಟಿ ಆದರೆ ವಾರಕ್ಕೆ ನಾಲ್ಕೂವರೆ ಕಿಲೋ, ತಿಂಗಳಿಗೆ 20 ಕಿಲೋ. ಎರಡೂ ಹೊತ್ತು ರೊಟ್ಟಿ ಉಣ್ಣುವವರಿಗೆ ತಿಂಗಳಿಗೆ 30 ಕಿಲೋ ದಾಟುತ್ತದೆ. ಅಕ್ಕಿ ಒಂದು ಹೊತ್ತಿಗೆ ತಲೆಗೆ 75 ಗ್ರಾಂ, ವಾರಕ್ಕೆ ಎರಡು ಕಿಲೋ. ಬ್ಯಾಳಿ ಮತ್ತು ಕಾಳು ಸೇರಿ ತಲೆಗೆ ದಿನಕ್ಕೆ 35 ಗ್ರಾಂ, ವಾರಕ್ಕೆ ಒಂದು ಕಿಲೋ. ತರಕಾರಿ ಉಳ್ಳಾಗಡ್ಡಿ ಸೇರಿಸಿ ವಾರಕ್ಕೆ ಏಳೆಂಟು ಕಿಲೋ. ಎಣ್ಣೆ ತಲೆಗೆ ತಿಂಗಳಿಗೆ ಅರ್ಧ ಲೀಟರ್ ಸಾಕು, ಅಂದರೆ ನಾಲ್ವರಿಗೆ ವಾರಕ್ಕೆ ಅರ್ಧ ಲೀಟರ್.

ನಿಮ್ಮ ನಾಲ್ಕು ವಾರದ ಲೆಕ್ಕವನ್ನು ಇದರ ಪಕ್ಕ ಇಡಿ. ಹೆಚ್ಚಿನ ಮನೆಗಳಲ್ಲಿ ಎಣ್ಣೆ ದುಪ್ಪಟ್ಟಿರುತ್ತದೆ, ಬ್ಯಾಳಿ ಕಡಿಮೆ ಇರುತ್ತದೆ. ಬ್ಯಾಳಿ-ಕಾಳಿನಲ್ಲಿ ಉಳಿಸಲು ಹೋಗಬೇಡಿ. ಮಕ್ಕಳ ತಟ್ಟೆಯಿಂದ ಕಡಿಮೆ ಮಾಡಿದ್ದು ಉಳಿತಾಯವಲ್ಲ. ಎಣ್ಣೆಯಲ್ಲಿ ಮಾಡಿ: ಭಾನುವಾರ ಒಂದು ಬಾಟಲಿಗೆ ಅರ್ಧ ಲೀಟರ್ ಸುರಿದಿಡಿ, ಆ ವಾರ ಅದರಲ್ಲೇ ಮುಗಿಯಬೇಕು. ಡಬ್ಬಿಯಿಂದ ನೇರ ಬಾಣಲೆಗೆ ಸುರಿಯುವ ಮನೆಯಲ್ಲಿ ಎಣ್ಣೆ ಎಂದೂ ಹಿಡಿತಕ್ಕೆ ಬರುವುದಿಲ್ಲ.

ಜೋಳ

ನಮ್ಮ ಕಡೆ ಹಿಂಗಾರಿ ಬಿಳಿಜೋಳ ಫೆಬ್ರವರಿ-ಮಾರ್ಚಿನಲ್ಲಿ ಕಟಾವಾಗುತ್ತದೆ. ಹೋಳಿ ಮುಗಿದು ಕಲಬುರಗಿಯ ಶರಣಬಸವೇಶ್ವರ ಜಾತ್ರೆ ನಡೆಯುವ ಹೊತ್ತಿಗೆ ಗಂಜಿನಲ್ಲಿ (ಕಾಳುಕಡಿಯ ಸಗಟು ಪೇಟೆಯಲ್ಲಿ) ಹೊಸ ಜೋಳ ಕಾಣುತ್ತದೆ. ಅಲ್ಲಿಂದ ಏಪ್ರಿಲ್ ಕೊನೆಯವರೆಗೆ ಕೊಳ್ಳುವ ಕಾಲ.

ರೊಟ್ಟಿಗೆ ಮಾಲ್ದಂಡಿಯೇ ಬೇಕು. ಬೀಜದ ಅಂಗಡಿಯಲ್ಲಿ ಅದಕ್ಕೆ ಎಂ-35-1 ಎನ್ನುತ್ತಾರೆ. ಕಾಳು ದುಂಡಗೆ, ಮುತ್ತಿನ ಹಾಗೆ ಬೆಳ್ಳಗೆ ಹೊಳೆಯುತ್ತದೆ. ಮುಂಗಾರಿನ ಹೈಬ್ರಿಡ್ ಜೋಳ ಅಗ್ಗ ಸಿಗುತ್ತದೆಂದು ರೊಟ್ಟಿಗೆ ತಂದರೆ ನಷ್ಟವೇ. ಹಿಟ್ಟಿಗೆ ಜಿಗಿ ಕಡಿಮೆ, ಬಡಿಯುವಾಗ ಅಂಚು ಸೀಳುತ್ತದೆ, ಕೊನೆಗೆ ಗೋಧಿಹಿಟ್ಟು ಬೆರೆಸಬೇಕಾಗುತ್ತದೆ. ನುಚ್ಚು, ಅಂಬಲಿ, ಸಂಗಟಿಗಾದರೆ ಹೈಬ್ರಿಡ್ ಧಾರಾಳವಾಗಿ ನಡೆಯುತ್ತದೆ. ಹಾಗಾಗಿ ಹತ್ತು ಕಿಲೋ ಅದನ್ನೂ ಬೇರೆ ಇಟ್ಟುಕೊಂಡರೆ ಒಳ್ಳೆಯ ಜೋಳ ನುಚ್ಚಿಗೆ ಹೋಗುವುದು ತಪ್ಪುತ್ತದೆ.

ಚೀಲ ನೋಡುವಾಗ ಬಾಯಿಯ ಮೇಲಿನ ಕಾಳು ನೋಡಿ ಒಪ್ಪಬೇಡಿ. ಚೀಲದ ನಡುವಿಗೆ ಕೈ ಹಾಕಿ ಹಿಡಿ ತೆಗೆಯಿರಿ. ಹಲ್ಲಿನಲ್ಲಿ ಕಚ್ಚಿದರೆ ಕಟ್ ಎಂದು ಒಡೆಯಬೇಕು. ಮೆತ್ತಗೆ ಚಪ್ಪಟೆಯಾದರೆ ಹಸಿ ಇದೆ, ಮಳೆಗಾಲಕ್ಕೆ ಬೂಸು ಹಿಡಿಯುತ್ತದೆ. ತುದಿ ಕಪ್ಪಾದ ಕಾಳು ಬಹಳವಿದ್ದರೆ ತೆನೆಯಲ್ಲಿದ್ದಾಗ ಮಳೆ ಬಿದ್ದ ಮಾಲು ಅದು. ರೊಟ್ಟಿ ಕಂದಾಗುತ್ತದೆ, ರುಚಿಯೂ ಇರುವುದಿಲ್ಲ. ಸಣ್ಣ ತೂತಿರುವ ಕಾಳು ಒಂದು ಹಿಡಿಯಲ್ಲಿ ಎರಡು ಕಂಡರೂ ಆ ಚೀಲ ಬಿಡಿ. ನುಸಿಯನ್ನು ದುಡ್ಡು ಕೊಟ್ಟು ಮನೆಗೆ ತಂದಂತೆ.

ಕಲಬುರಗಿಯ ನೆಹರು ಗಂಜ್, ಬೀದರಿನ ಗಾಂಧಿ ಗಂಜ್‌ನಂಥ ಕಡೆ ಚೀಲಗಟ್ಟಲೆ ಕೊಳ್ಳುವಾಗ ದರದ ಮೇಲೆ ಹಮಾಲಿ ಮತ್ತು ಆಟೋ ಬಾಡಿಗೆ ಸೇರಿಸಿ, ಸ್ವಚ್ಛ ಮಾಡಿದ ಮೇಲೆ ಉಳಿದ ಕಿಲೋದಿಂದ ಭಾಗಿಸಿ. ಕಸ, ಹೊಟ್ಟು, ಸಣ್ಣ ಕಾಳು ಸೇರಿ ಕ್ವಿಂಟಲಿಗೆ ಎರಡು ಮೂರು ಕಿಲೋ ಹೋಗುವುದು ಸಹಜ. ಆ ದರ ಓಣಿಯ ಅಂಗಡಿಯ ದರಕ್ಕಿಂತ ಕಡಿಮೆ ಇದ್ದರೆ ಮಾತ್ರ ಚೀಲ ಕೊಳ್ಳಿ. ಅಫಜಲಪುರ, ಜೇವರ್ಗಿ, ಆಳಂದ, ಔರಾದ್ ಕಡೆ ಬೀಗರು-ನೆಂಟರ ಹೊಲವಿದ್ದರೆ ಅಲ್ಲಿಂದ ತರುವುದು ಇನ್ನೂ ಒಳ್ಳೆಯದು. ಆದರೆ ಹಳ್ಳಿಯಲ್ಲಿ ಸೇರಿನ ಲೆಕ್ಕದಲ್ಲಿ ಕೊಟ್ಟರೆ ಒಂದು ಸೇರು ಎಷ್ಟು ಕಿಲೋ ತೂಗುತ್ತದೆಂದು ತೂಗಿಸಿ ನೋಡಿ. ಊರಿಂದೂರಿಗೆ ಸೇರಿನ ಅಳತೆ ಬೇರೆ.

ಈಗ ಇಡುವ ವಿಷಯ. ಉಳಿತಾಯ ನಿಲ್ಲುವುದೂ ಮುಳುಗುವುದೂ ಇದರ ಮೇಲೆಯೇ. ಒಂದು ಲೆಕ್ಕ ನೋಡಿ. ಕ್ವಿಂಟಲ್ ಜೋಳ 5,000 ರೂಪಾಯಿಗೆ ತಂದಿರಿ, ದೀಪಾವಳಿ ಹೊತ್ತಿಗೆ ಅದು 5,800 ಆಯಿತು ಎಂದಿಟ್ಟುಕೊಳ್ಳಿ. 800 ರೂಪಾಯಿ ಉಳಿಯಿತು. ಅದರಲ್ಲಿ ಹತ್ತು ಕಿಲೋ ನುಸಿ ತಿಂದರೆ ಕೈಯಲ್ಲಿರುವುದು 90 ಕಿಲೋ, ಅದರ ಬೆಲೆ 5,220. ಉಳಿದದ್ದು ಬರೀ 220. ಹದಿನೈದು ಕಿಲೋ ಹೋದರೆ ಕೈಯಿಂದಲೇ ಹೋಯಿತು.

ನುಸಿ ಹತ್ತದ ಹಾಗೆ ಇಡುವ ಕ್ರಮ:

1. ಮೊರದಲ್ಲಿ ಕೇರಿ, ಹೊಟ್ಟು-ಧೂಳು ತೆಗೆಯಿರಿ. ಒಡಕು ಕಾಳು, ಧೂಳು ಇದ್ದರೆ ಹುಳ ಬೇಗ ಹೆಚ್ಚುತ್ತದೆ.
2. ಏಪ್ರಿಲ್-ಮೇ ಬಿಸಿಲಿಗೆ ಮಾಳಿಗೆಯ ಮೇಲೆ ತಾಡಪತ್ರಿ ಹಾಸಿ, ಎರಡು ಬೆರಳು ದಪ್ಪಕ್ಕೆ ಹರವಿ, ಮೂರು ದಿನ ಒಣಗಿಸಿ. ದಿನಕ್ಕೆ ಎರಡು ಮೂರು ಸಲ ಕೈಯಾಡಿಸಿ.
3. ಕೊನೆಯ ದಿನ ಬಿಸಿಲಿಂದ ತೆಗೆದ ಕೂಡಲೇ ತುಂಬಬೇಡಿ. ರಾತ್ರಿಯೆಲ್ಲ ನೆರಳಲ್ಲಿ ಆರಲಿ. ಬಿಸಿ ಕಾಳು ಡ್ರಮ್ಮಿನಲ್ಲಿ ಬೆವರುತ್ತದೆ, ಮುಚ್ಚಳದ ಕೆಳಗೆ ನೀರು ಕಟ್ಟುತ್ತದೆ, ಮೇಲಿನ ಪದರಿಗೆ ಬೂಸು ಬರುತ್ತದೆ.
4. ಡ್ರಮ್ ತೊಳೆದು ಬಿಸಿಲಿಗಿಟ್ಟು, ತಳದಲ್ಲಿ ಮತ್ತು ಪ್ರತಿ ಗೇಣಿಗೊಂದು ಪದರು ಬೇವಿನ ಎಲೆ ಹಾಕಿ. ಎಲೆ ನೆರಳಲ್ಲಿ ಗರಿಗರಿ ಒಣಗಿರಬೇಕು. ಹಸಿ ಎಲೆ ಹಾಕುವುದು ಸಾಮಾನ್ಯ ತಪ್ಪು. ಅದರ ನೀರೇ ಕಾಳನ್ನು ಕೆಡಿಸುತ್ತದೆ.
5. ಡ್ರಮ್ಮನ್ನು ನೆಲಕ್ಕೆ ತಾಗಿಸದೆ ಇಟ್ಟಂಗಿಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ತಿಂಗಳಿಗೆ ಬೇಕಾದ 20 ಕಿಲೋ ಬೇರೆ ಡಬ್ಬಿಗೆ ತೆಗೆದುಕೊಳ್ಳಿ. ದೊಡ್ಡ ಡ್ರಮ್ ದಿನಾ ತೆರೆಯಬಾರದು.

ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ಯಾರು ಎಷ್ಟೇ ಹೇಳಲಿ ಮನೆಯೊಳಗೆ ತರಬೇಡಿ. ಅವು ಗೋದಾಮಿಗೆ, ತರಬೇತಿ ಪಡೆದವರ ಕೈಗೆ ಮಾತ್ರ. ಅದರ ಗಾಳಿ ಮಲಗಿದವರ ಜೀವ ತೆಗೆಯುತ್ತದೆ.

ಹಿಟ್ಟನ್ನು ಒಂದೇ ಸಲ ಬೀಸಿಸಿ ಇಡಬೇಡಿ. ಹಳೆಯ ಹಿಟ್ಟಿಗೆ ಜಿಗಿ ಹೋಗುತ್ತದೆ, ಬೇಸಿಗೆಯಲ್ಲಿ ಹತ್ತು ದಿನ ದಾಟಿದರೆ ಕಹಿಯೂ ಬರುತ್ತದೆ. ಐದು ಕಿಲೋ ಬೀಸಿಸಿ, ಅದು ಒಂದು ವಾರದ್ದಾಯಿತು. ಗಿರಣಿಗೆ ಹೋಗುವ ಮುಂಚೆ ಮತ್ತು ಬಂದ ಮೇಲೆ ತೂಗಿ ನೋಡಿ. ಸ್ವಲ್ಪ ಹಿಟ್ಟು ಕಲ್ಲಿನಲ್ಲಿ ಉಳಿಯುವುದು ಸರಿ. ಪ್ರತಿ ಸಲ ಪಾವ್ ಕಿಲೋ ಕಡಿಮೆ ಬಂದರೆ ಗಿರಣಿ ಬದಲಿಸಿ. ಬೀಸಿದ ಹಿಟ್ಟು ಬಿಸಿ ಇರುತ್ತದೆ, ಅಗಲ ಪರಾತದಲ್ಲಿ ಆರಿಸಿ ಆಮೇಲೆ ಡಬ್ಬಿಗೆ ಹಾಕಿ.

ತೊಗರಿ ಬ್ಯಾಳಿ ಮತ್ತು ಉಳಿದ ಕಾಳು

ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ರುಚಿ ಮತ್ತು ಬೇಗ ಬೇಯುವ ಗುಣಕ್ಕೆ ಅದು ಹೆಸರಾಗಿದೆ. ಬೇಗ ಬೆಂದರೆ ಗ್ಯಾಸೂ ಉಳಿಯುತ್ತದೆ. ಆದರೆ ನಮ್ಮದೇ ಊರಿನ ಅಂಗಡಿಯಲ್ಲಿರುವ ಬ್ಯಾಳಿಯೆಲ್ಲ ನಮ್ಮ ತೊಗರಿಯದಲ್ಲ. ಮ್ಯಾನ್ಮಾರ್, ಆಫ್ರಿಕಾದ ಮೊಜಾಂಬಿಕ್, ತಾಂಜಾನಿಯಾದಿಂದ ತರಿಸಿದ ತೊಗರಿಯೂ ದೇಶದ ಮಾರುಕಟ್ಟೆಯಲ್ಲಿದೆ. ಕಣ್ಣಿಗೆ ಗೊತ್ತಾಗದು. ಅದಕ್ಕೆ ಮೊದಲು ಪಾವ್ ಕಿಲೋ ಮಾತ್ರ ತಂದು ಬೇಯಿಸಿ ನೋಡಿ. ಮನೆಯಲ್ಲಿರುವ ಬ್ಯಾಳಿ ಎಷ್ಟು ಸೀಟಿಗೆ ಬೇಯುತ್ತದೋ ಅಷ್ಟಕ್ಕೇ ಇದೂ ಕರಗಿದರೆ, ಅದೇ ಚೀಲದಿಂದ ಬೇಕಾದಷ್ಟು ತೂಗಿಸಿ.

ಅಂಗೈಯಲ್ಲಿ ಉಜ್ಜಿದಾಗ ಎಣ್ಣೆ ಜಿಡ್ಡು ಅಥವಾ ಹಳದಿ ಪುಡಿ ಹತ್ತಿದರೆ ಪಾಲಿಶ್ ಹೊಡೆದ ಮಾಲು. ಹೊಳಪಿಗೆ ಹೆಚ್ಚು ದರ ಕೊಡುವುದು ಬೇಡ. ಕೇಸರಿ ಬ್ಯಾಳಿ ಬೆರೆಸಿರುವ ಅನುಮಾನವಿದ್ದರೆ ಆಕಾರ ನೋಡಿ: ತೊಗರಿ ಬ್ಯಾಳಿ ದುಂಡಗೆ, ಹೊಟ್ಟೆ ಉಬ್ಬಿರುತ್ತದೆ. ಕೇಸರಿ ಬ್ಯಾಳಿ ಒಂದು ಮಗ್ಗುಲು ಇಳಿಜಾರಾಗಿ, ಮೂಲೆ ಮೂಲೆಯಾಗಿ ಕೊಡಲಿಯ ಬಾಯಿಯಂತೆ ಕಾಣುತ್ತದೆ. ಅದನ್ನು ತಿಂಗಳುಗಟ್ಟಲೆ ತಿಂದರೆ ಕಾಲಿನ ಶಕ್ತಿ ಕುಂದುವ ಕಾಯಿಲೆ ಬರುತ್ತದೆ. ಎಷ್ಟೇ ಅಗ್ಗವಾದರೂ ಬೇಡ.

ತೊಗರಿ ಡಿಸೆಂಬರ್-ಜನವರಿಯಲ್ಲಿ ರಾಶಿಯಾಗುತ್ತದೆ, ಹೊಸ ಬ್ಯಾಳಿ ಫೆಬ್ರವರಿಯಿಂದ ಧಾರಾಳ. ಜೋಳದ ಹಾಗೆ ವರ್ಷದ್ದು ತರಬೇಡಿ, ಆರು ತಿಂಗಳಿನದು ಸಾಕು. ತೊಗರಿ ದರ ಆಮದಿನ ಮೇಲೆ, ಸರಕಾರದ ಸುಂಕದ ನಿರ್ಧಾರದ ಮೇಲೆ ಏರಿಳಿಯುತ್ತದೆ; ಮಳೆಗಾಲದಲ್ಲಿ ಇಳಿದ ವರ್ಷಗಳೂ ಇವೆ. ವಾರಕ್ಕೆ ಒಂದು ಕಿಲೋ ಬ್ಯಾಳಿ-ಕಾಳಿನಲ್ಲಿ ತೊಗರಿ ಅರ್ಧ ಎಂದರೂ ಆರು ತಿಂಗಳಿಗೆ 13 ಕಿಲೋ. ಇಡುವಾಗ ಕಿಲೋಗೆ ಒಂದು ಚಹಾ ಚಮಚ ಔಡಲ ಎಣ್ಣೆ ಸವರಿ, ಕೈಯಲ್ಲಿ ಚೆನ್ನಾಗಿ ತಿಕ್ಕಿ, ಒಂದು ದಿನ ಬಿಸಿಲಿಗಿಟ್ಟು ಆರಿಸಿ ತುಂಬಿ. ಎಣ್ಣೆ ಸವರಿದ ಕಾಳಿನ ಮೇಲೆ ಹುಳ ಮೊಟ್ಟೆ ಇಟ್ಟರೂ ಮರಿ ಆಗುವುದು ಕಡಿಮೆ. ಬೇಯಿಸುವ ಮುಂಚೆ ಬಿಸಿನೀರಿನಲ್ಲಿ ತೊಳೆದರೆ ವಾಸನೆ ಹೋಗುತ್ತದೆ.

ಇಡೀ ತೊಗರಿ ಕಾಳು ತಂದು ಒಡೆಸುವುದು ಲಾಭವೇ ಎಂದು ಬಹಳ ಮಂದಿ ಕೇಳುತ್ತಾರೆ. ಮಿಲ್ಲಿನಲ್ಲಿ ನೂರು ಕಿಲೋ ಕಾಳಿಗೆ ಸುಮಾರು 70 ಕಿಲೋ ಬ್ಯಾಳಿ ಬರುತ್ತದೆ. ಕಾಳಿನ ದರವನ್ನು 0.7ರಿಂದ ಭಾಗಿಸಿ, ಒಡೆಸುವ ಕೂಲಿ ಸೇರಿಸಿ. ಕಾಳು ಕಿಲೋಗೆ 70 ಇದ್ದರೆ ಬ್ಯಾಳಿ 100 ಬೀಳುತ್ತದೆ, ಕೂಲಿ ಬೇರೆ. ಅಂಗಡಿಯಲ್ಲಿ 105ಕ್ಕೆ ಸಿಗುತ್ತಿದ್ದರೆ ಆ ತೊಂದರೆ ತೆಗೆದುಕೊಳ್ಳುವುದು ಬೇಡ. ಅದಕ್ಕಿಂತ ಒಡಕು ಬ್ಯಾಳಿ ಕೇಳಿ. ಮಿಲ್ಲಿನಲ್ಲಿ ಮುರಿದದ್ದು ಅಷ್ಟೇ, ರುಚಿ ಅದೇ, ದರ ಕಡಿಮೆ. ಸಾರಿಗೆ, ಪುಂಡಿಪಲ್ಯಕ್ಕೆ ಹೇಗೂ ಕರಗಿಸುವುದೇ. ಉದುರು ಬ್ಯಾಳಿಗೆ ಮಾತ್ರ ಇಡೀ ಬ್ಯಾಳಿ ಬೇಕು. ಒಡಕಿನಲ್ಲಿ ಕಲ್ಲು ಹೆಚ್ಚಿರುತ್ತದೆ, ಆರಿಸುವುದು ನಿಧಾನ.

ಉಳಿದ ಅರ್ಧ ಕಿಲೋವನ್ನು ಹೆಸರು, ಮಡಕಿ, ಅಲಸಂದಿ, ಕಡಲೆ, ಹುರಳಿಗಳಲ್ಲಿ ತಿರುಗಿಸಿ. ಹೆಸರು, ಉದ್ದು ನಮ್ಮ ಕಡೆ, ಅದರಲ್ಲೂ ಬೀದರ್ ಜಿಲ್ಲೆಯಲ್ಲಿ, ಆಗಸ್ಟ್-ಸೆಪ್ಟೆಂಬರಿನಲ್ಲಿ ಬರುತ್ತವೆ, ಕಡಲೆ ಫೆಬ್ರವರಿ-ಮಾರ್ಚಿನಲ್ಲಿ. ಮಡಕಿ, ಹೆಸರು ಮೊಳಕೆ ಬರಿಸಿದರೆ ತೂಕ ಎರಡು ಪಟ್ಟಿಗೂ ಹೆಚ್ಚಾಗುತ್ತದೆ, ತರಕಾರಿ ದುಬಾರಿಯಾದ ವಾರ ಅದೇ ಪಲ್ಯ.

ಒಂದು ಮಾತು ತೆರಿಗೆಯ ಬಗ್ಗೆ. ಜುಲೈ 2022ರಿಂದ, 25 ಕಿಲೋವರೆಗಿನ ಲೇಬಲ್ ಹಚ್ಚಿ ಪಾಕೀಟು ಮಾಡಿದ ಅಕ್ಕಿ, ಬ್ಯಾಳಿ, ಹಿಟ್ಟಿಗೆ ಶೇ. 5 ಜಿಎಸ್‌ಟಿ ಇದೆ. ಚೀಲದಿಂದ ಬಿಡಿಯಾಗಿ ತೂಗಿ ಕೊಟ್ಟದ್ದಕ್ಕೆ ಇಲ್ಲ. ಅಕ್ಕಿಯ ಚೀಲಗಳು 26 ಕಿಲೋ ಆಗಿ ಬರುವುದು ಇದೇ ಕಾರಣಕ್ಕೆ. ಬಿಡಿ ಮಾಲು ಸ್ವಚ್ಛವಾಗಿದ್ದರೆ ಅದನ್ನೇ ತನ್ನಿ.

ಅಕ್ಕಿ, ರೇಷನ್

ರೇಷನ್ ಕಾರ್ಡ್ ಇರುವವರು ತಿಂಗಳ ಅಕ್ಕಿ ಬಿಡಬೇಡಿ. ಮಾರುವುದಂತೂ ಕಾನೂನಿಗೆ ವಿರುದ್ಧ, ಬಿಡಿಗಾಸು ಬರುತ್ತದೆ, ಅದೇ ದುಡ್ಡಿಗೆ ಮೂರು ಪಟ್ಟು ಸೇರಿಸಿ ಅಂಗಡಿಯ ಅಕ್ಕಿ ತರಬೇಕಾಗುತ್ತದೆ. ಅಕ್ಕಿ ತೊಳೆಯುವಾಗ ಬೆಳ್ಳಗೆ ಬೇರೆ ಥರ ಕಾಣುವ ಕೆಲವು ಕಾಳು ತೇಲಿದರೆ ಪ್ಲಾಸ್ಟಿಕ್ ಎಂದು ಎಸೆಯಬೇಡಿ. ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಹಿಟ್ಟಿನಿಂದಲೇ ಮಾಡಿದ ಕಾಳು ಅವು, ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಊಟಕ್ಕೆ ಆ ಅಕ್ಕಿ ಒಗ್ಗದಿದ್ದರೆ ಇಡ್ಲಿ, ದೋಸೆ, ಪಡ್ಡಿಗೆ ಹಾಕಿ: ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದಿನಬ್ಯಾಳಿ. ಬೇಸಿಗೆಯಲ್ಲಿ ಸಂಡಿಗೆಗೂ ಇದೇ ಅಕ್ಕಿ ಸಾಕು.

ಸೋನಾಮಸೂರಿ ಕೊಳ್ಳುವವರಿಗೆ ನಾರಾಯಣಪುರ ಎಡದಂಡೆ ಕಾಲುವೆಯ ಶಹಾಪುರ, ಸುರಪುರದ ಭತ್ತ ಹತ್ತಿರದ್ದು. ಹೊಸ ಅಕ್ಕಿ ಅಗ್ಗ, ಆದರೆ ಮುದ್ದೆಯಾಗುತ್ತದೆ, ಅರಳುವುದಿಲ್ಲ. ಒಂದು ಚೀಲ ಆರು ತಿಂಗಳು ಇಟ್ಟರೆ ಮನೆಯಲ್ಲೇ ಹಳೆ ಅಕ್ಕಿಯಾಗುತ್ತದೆ.

ಖಾರ, ಹುಣಸೆ, ಬೆಲ್ಲ

ಹೊಸ ಒಣ ಮೆಣಸಿನಕಾಯಿ ಜನವರಿಯಿಂದ ಮಾರ್ಚ್. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಮೂರಕ್ಕೆ ಎರಡರಂತೆ. ನಾಲ್ವರಿಗೆ ವರ್ಷಕ್ಕೆ ಮೂರು ಕಿಲೋ ಸಾಕು. ಮುರಿದರೆ ಟಪ್ ಎನ್ನುವವರೆಗೆ ಒಣಗಿಸಿ, ತೊಟ್ಟು ತೆಗೆದು ಕುಟ್ಟಿಸಿ. ಹಸಿ ಉಳಿದ ಖಾರಪುಡಿ ಮಳೆಗಾಲದಲ್ಲಿ ಗಂಟು ಕಟ್ಟಿ ಬಣ್ಣಗೆಡುತ್ತದೆ. ಹುಣಸೆಹಣ್ಣು ಫೆಬ್ರವರಿಯಿಂದ ಏಪ್ರಿಲ್. ಬೀಜವಿದ್ದದ್ದು ಅಗ್ಗ ಎಂದು ಕಂಡರೂ ಬೀಜವೇ ಸುಮಾರು ಮೂರನೇ ಒಂದು ಪಾಲು ತೂಗುತ್ತದೆ. ಬೀಜ ತೆಗೆದದ್ದರ ದರ ಇದರ ಒಂದೂವರೆ ಪಟ್ಟಿಗಿಂತ ಹೆಚ್ಚಿದ್ದರೆ ಮಾತ್ರ ಬೀಜದ್ದು ಕೊಳ್ಳಿ, ಮನೆಯಲ್ಲಿ ಬಿಡಿಸಿ. ಉಪ್ಪು ಬೆರೆಸಿ ಭರಣಿಯಲ್ಲಿ ಒತ್ತಿ ಇಡಿ, ಲೋಹದ ಡಬ್ಬಿ ಬೇಡ. ಬೆಲ್ಲ ಕಬ್ಬು ನುರಿಯುವ ನವೆಂಬರಿನಿಂದ ಮಾರ್ಚ್‌ವರೆಗೆ. ಥಳಥಳ ಹಳದಿ ಬೆಲ್ಲಕ್ಕಿಂತ ಕಂದು ಬಣ್ಣದ ಗಟ್ಟಿ ಪೆಂಟಿ ಒಳ್ಳೆಯದು.

ಎಣ್ಣೆ

ಪಾಕೀಟುಗಳನ್ನು ಹೋಲಿಸುವಾಗ ಕಣ್ಣು ತೂಕದ ಮೇಲಿರಲಿ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ. ಅದೇ ಗಾತ್ರ ಕಾಣುವ ಪಾಕೀಟಿನಲ್ಲಿ 850 ಗ್ರಾಂ, 800 ಗ್ರಾಂ ಇರುವುದುಂಟು. ಬೆಲೆಯನ್ನು ಗ್ರಾಂನಿಂದ ಭಾಗಿಸಿ ನೋಡಿದರೆ "ಅಗ್ಗದ" ಪಾಕೀಟೇ ದುಬಾರಿಯಾಗಿರುತ್ತದೆ.

ಗಾಣದ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ನಮ್ಮ ಅಡುಗೆಗೆ ಒಪ್ಪುವ ಎಣ್ಣೆ, ರುಚಿಯಲ್ಲಿ ಅದಕ್ಕೆ ಸಮವಿಲ್ಲ. ಆದರೆ ಖರ್ಚು ಇಳಿಸುವ ಮಾತಿನಲ್ಲಿ ಅದು ಬರುವುದಿಲ್ಲ ಎಂದು ನೇರವಾಗಿ ಹೇಳಬೇಕು. ಗಾಣದಲ್ಲಿ ಒಂದು ಲೀಟರ್ ಶೇಂಗಾ ಎಣ್ಣೆಗೆ ಎರಡೂವರೆ ಕಿಲೋ ಕಾಳು ಬೇಕು. ಅದರ ದರ, ತೆಗೆಸುವ ಕೂಲಿ ಸೇರಿಸಿ ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯ ಬೆಲೆ ಕಳೆದರೂ ಅಂಗಡಿಯ ಸೂರ್ಯಕಾಂತಿ ಎಣ್ಣೆಗಿಂತ ಹೆಚ್ಚೇ. ದುಡ್ಡು ಬಿಗಿ ಇರುವಾಗ ಗಾಣದ ಎಣ್ಣೆ ರೊಟ್ಟಿಯ ಜೊತೆ ಹಿಂಡಿಗೆ (ಚಟ್ನಿಪುಡಿಗೆ) ಹಚ್ಚಿಕೊಳ್ಳಲು, ಉಪ್ಪಿನಕಾಯಿಗೆ ಮಾತ್ರ ಇಡಿ.

ತರಕಾರಿ: ನಿಜವಾದ ವಾರದ ಖರ್ಚು

ಚಳಿಗಾಲದಲ್ಲಿ, ಅಂದರೆ ನವೆಂಬರಿನಿಂದ ಫೆಬ್ರವರಿವರೆಗೆ, ಬದನೆಕಾಯಿ, ಅವರೆ, ಮೆಂತೆ, ರಾಜಗಿರಿ, ಟೊಮೆಟೊ ಎಲ್ಲ ಕೈಗೆಟಕುತ್ತವೆ. ಎಳ್ಳಮಾಸಿಯ (ಎಳ್ಳು ಅಮಾವಾಸ್ಯೆಯ) ಭಜ್ಜಿಗೆ ಅಷ್ಟೊಂದು ಕಾಯಿಪಲ್ಯ, ಹಸಿಕಾಳು ಕೂಡಿಸಲು ಆಗುವುದು ಆ ಹೊತ್ತಿಗೆ ಎಲ್ಲವೂ ಹೊಲದಲ್ಲಿರುವುದರಿಂದಲೇ. ಅದೇ ತಿಂಗಳುಗಳಲ್ಲಿ ಒಣಗಿಸುವ ಕೆಲಸ ಶುರು ಮಾಡಿ. ಟೊಮೆಟೊ ಬಹಳ ಅಗ್ಗವಾದ ವಾರ ಐದು ಕಿಲೋ ತಂದು, ತೆಳ್ಳಗೆ ಬಿಲ್ಲೆ ಮಾಡಿ, ಸ್ವಲ್ಪ ಉಪ್ಪು ಸವರಿ, ತೆಳು ಬಟ್ಟೆ ಮುಚ್ಚಿ ಬಿಸಿಲಿಗೆ ಹಾಕಿ. ಗರಿಗರಿ ಆದಾಗ ಕಿಲೋಗೆ 50-60 ಗ್ರಾಂ ಉಳಿಯುತ್ತದೆ, ಟೊಮೆಟೊದಲ್ಲಿ ಇರುವುದೆಲ್ಲ ನೀರೇ. ಜೂನ್-ಜುಲೈನಲ್ಲಿ ಟೊಮೆಟೊ ದರ ಏರಿದಾಗ ಒಂದು ಚಮಚ ಪುಡಿ ಸಾರಿಗೆ ಸಾಕು. ಇಲ್ಲದಿದ್ದರೆ ಹುಣಸೆಹಣ್ಣು ಇದ್ದೇ ಇದೆ. ಚವಳಿಕಾಯಿ, ಮೆಂತೆ, ಮಜ್ಜಿಗೆ ಮೆಣಸಿನಕಾಯಿ ಕೂಡ ಹೀಗೇ.

ಉಳ್ಳಾಗಡ್ಡಿ ಮಾರ್ಚ್-ಏಪ್ರಿಲಿನ ಬೆಳೆ ಮಾತ್ರ ಇಡಲು ಬರುತ್ತದೆ. ಕುತ್ತಿಗೆ ತೆಳ್ಳಗೆ ಒಣಗಿ ಮುಚ್ಚಿರಬೇಕು, ಸಿಪ್ಪೆ ಸದ್ದು ಮಾಡಬೇಕು. ಹದಿನೈದು ಕಿಲೋ ತಂದು ಜಾಲರಿ ಚೀಲದಲ್ಲಿ ಗಾಳಿಗೆ ತೂಗುಹಾಕಿ. ಅಕ್ಟೋಬರ್-ನವೆಂಬರಿನ ಉಳ್ಳಾಗಡ್ಡಿ ಕುತ್ತಿಗೆ ಹಸಿ, ಎಷ್ಟು ಅಗ್ಗ ಸಿಕ್ಕರೂ ಎರಡು ವಾರದ್ದಷ್ಟೇ ತನ್ನಿ. ಆಲೂಗಡ್ಡಿ ಜೊತೆ ಒಂದೇ ಬುಟ್ಟಿಯಲ್ಲಿ ಇಟ್ಟರೆ ಎರಡೂ ಬೇಗ ಕೆಡುತ್ತವೆ.

ನಮ್ಮ ಬೇಸಿಗೆ 42 ಡಿಗ್ರಿ ದಾಟುವ ಬೇಸಿಗೆ. ಆಗ ವಾರಕ್ಕೊಮ್ಮೆ ಚೀಲ ತುಂಬ ತಂದರೆ ಕಾಲುಭಾಗ ತಿಪ್ಪೆಗೆ ಹೋಗುತ್ತದೆ. ತಪ್ಪಲು ಪಲ್ಯ ಎರಡು ದಿನದ್ದು ಮಾತ್ರ, ಗಟ್ಟಿ ಕಾಯಿ ನಾಲ್ಕು ದಿನದ್ದು. ಮನೆಗೆ ತಂದ ಕೂಡಲೇ ಕಟ್ಟಿದ ದಾರ ಬಿಚ್ಚಿ, ಕೊಳೆತ ಎಲೆ ತೆಗೆದು, ತೊಳೆಯದೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡಿ. ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಗಡಿಗೆಯ ತಳದಲ್ಲಿ ಒದ್ದೆ ಉಸುಕು ಹಾಕಿ ಅದರ ಮೇಲೆ ತಟ್ಟೆ ಇಟ್ಟು ಕೊತ್ತಂಬರಿ, ಮೆಣಸಿನಕಾಯಿ ಇಟ್ಟರೆ ಎರಡು ದಿನ ಬಾಳುತ್ತದೆ.

ಕಲಬುರಗಿ ಸೂಪರ್ ಮಾರ್ಕೆಟ್ಟಿನಲ್ಲಾಗಲಿ ನಿಮ್ಮೂರ ಸಂತಿಯಲ್ಲಾಗಲಿ ದೀಪ ಹಚ್ಚುವ ಹೊತ್ತಿಗೆ ದರ ಬೀಳುತ್ತದೆ. ಆ ದಿನವೇ ಬೇಯಿಸುವ ಪಲ್ಯ, ಸಾರಿನ ಹಣ್ಣು ಟೊಮೆಟೊ ಆಗ ಕೊಳ್ಳಿ. ಮೂರು ದಿನ ಇಡಬೇಕಾದ್ದನ್ನು ಬೆಳಿಗ್ಗೆ ಕೊಳ್ಳಿ. ರಾಶಿ ಲೆಕ್ಕಕ್ಕೆ ಕೊಟ್ಟರೆ ತೂಗಿಸಿ ನೋಡಿ. ತಕ್ಕಡಿಯ ಅನುಮಾನವಿದ್ದರೆ ಒಂದು ಕಿಲೋ ಉಪ್ಪಿನ ಪಾಕೀಟು ಚೀಲದಲ್ಲಿರಲಿ, ಅದನ್ನೇ ತಕ್ಕಡಿಯ ಮೇಲಿಟ್ಟರೆ ಕಿಲೋಗಿಂತ ಕೂದಲಷ್ಟು ಹೆಚ್ಚು ತೋರಿಸಬೇಕು. ಜಗಳವಾಡದೆ ಕೇಳಿ, ಪ್ರಾಮಾಣಿಕ ವ್ಯಾಪಾರಿ ಬೇಸರ ಮಾಡಿಕೊಳ್ಳುವುದಿಲ್ಲ.

ಬೇಸಿಗೆಯಲ್ಲಿ ಪಲ್ಯ ತುಟ್ಟಿಯಾದ ದಿನಗಳಿಗೆ ಹಿಂಡಿಯೇ ಆಧಾರ. ಶೇಂಗಾ ಅರ್ಧ ಕಿಲೋ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆದು, ಖಾರಪುಡಿ 40 ಗ್ರಾಂ, ಬೆಳ್ಳೊಳ್ಳಿ ಒಂದು ಗಡ್ಡೆ, ಜೀರಿಗೆ ಎರಡು ಚಮಚ, ಉಪ್ಪು 15 ಗ್ರಾಂ ಸೇರಿಸಿ ಕುಟ್ಟಿ. ಮಿಕ್ಸಿಯಲ್ಲಾದರೆ ತಡೆದು ತಡೆದು ತಿರುಗಿಸಿ; ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ, ಬೇಗ ಕೆಡುತ್ತದೆ. ಅಗಸಿ ಹಿಂಡಿ ಹದಿನೈದು ದಿನದ್ದು ಮಾತ್ರ ಮಾಡಿ, ಪುಡಿಯಾದ ಅಗಸಿ ಬೇಗ ಕಮಟುತ್ತದೆ. ಗುರೆಳ್ಳು ಹಿಂಡಿ ಒಂದು ತಿಂಗಳು ತಡೆಯುತ್ತದೆ.

ಹಾಲಿನಲ್ಲಿ ಉಳಿಸುವ ದಾರಿ ಒಂದೇ: ಮೊಸರು ಕೊಳ್ಳಬೇಡಿ, ಮನೆಯಲ್ಲಿ ಹೆಪ್ಪು ಹಾಕಿ. ಬೇಸಿಗೆಯಲ್ಲಿ ನಾಲ್ಕೈದು ತಾಸಿಗೆ ಆಗುತ್ತದೆ. ಬೆಳಿಗ್ಗೆ ಚಹಾಕ್ಕೆ ಉಳಿದ ಹಾಲನ್ನೇ ಹೆಪ್ಪಿಗೆ ಬಿಡಿ.

ದುಡ್ಡು ಎಲ್ಲಿಂದ

ಒಂದೇ ತಿಂಗಳಲ್ಲಿ ಜೋಳ, ಬ್ಯಾಳಿ, ಖಾರಕ್ಕೆಲ್ಲ ದುಡ್ಡು ಹೊಂದಿಸಲು ಕೂಲಿ ಮಾಡುವ ಮನೆಗೆ, ತಿಂಗಳ ಪಗಾರದ ಮನೆಗೆ ಆಗುವುದಿಲ್ಲ. ಸಾಲ ಮಾಡಿ ಚೀಲ ತರಬೇಡಿ. ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ ಎಂದರೂ ಎಂಟು ತಿಂಗಳಿಗೆ ಹದಿನಾರು. ಮೇಲೆ ಹೇಳಿದ ಜೋಳದ ಲೆಕ್ಕದಲ್ಲಿ ಉಳಿದ ಅಷ್ಟೂ ಬಡ್ಡಿಗೆ ಹೋಗುತ್ತದೆ. ಮೊದಲ ವರ್ಷ ಖಾರ ಮತ್ತು ಹುಣಸೆಹಣ್ಣು ಮಾತ್ರ ತನ್ನಿ. ಅದರಿಂದ ವಾರವಾರ ಉಳಿದ ದುಡ್ಡನ್ನು ಬೇರೆ ಡಬ್ಬಿಯಲ್ಲಿ ಹಾಕುತ್ತಾ ಬನ್ನಿ. ಮುಂದಿನ ಹೋಳಿ ಹಬ್ಬಕ್ಕೆ 50 ಕಿಲೋ ಜೋಳ, ಅದರ ಮರುವರ್ಷ ಕ್ವಿಂಟಲ್. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸೇರಿ ಒಂದೇ ಆಟೋದಲ್ಲಿ ಐದು ಚೀಲ ತರಿಸಿದರೆ ಬಾಡಿಗೆ ಐದು ಪಾಲಾಗುತ್ತದೆ, ದರದಲ್ಲೂ ಮಾತಾಡಲು ಬರುತ್ತದೆ.

ಓಣಿಯ ಅಂಗಡಿಯ ಉದ್ರಿ ಖಾತೆ ಪೂರ್ತಿ ಬಿಡಲು ಆಗದಿದ್ದರೆ ಅದನ್ನು ಒಂದೆರಡು ಸಾಮಾನಿಗೆ ಕಟ್ಟಿಹಾಕಿ, ಉದಾಹರಣೆಗೆ ಸಕ್ಕರೆ ಮತ್ತು ಚಹಾಪುಡಿ. ಪ್ರತಿ ಸಲ ತೂಕ, ದರ ನಿಮ್ಮ ನೋಟ್‌ಬುಕ್ಕಿನಲ್ಲೂ ಬರೆಯಿರಿ. ಮಗುವನ್ನು ಚೀಟಿ ಇಲ್ಲದೆ ಅಂಗಡಿಗೆ ಕಳಿಸಬೇಡಿ. ತಿಂಗಳಿಗೊಮ್ಮೆ ಅದೇ ಸಾಮಾನಿನ ರೊಕ್ಕದ ದರ ಬೇರೆ ಅಂಗಡಿಯಲ್ಲಿ ಕೇಳಿ ನೋಡಿ, ಉದ್ರಿಗೆ ಎಷ್ಟು ಹೆಚ್ಚು ಕೊಡುತ್ತಿದ್ದೀರಿ ಎಂಬುದು ಆಗ ಕಾಣುತ್ತದೆ.

ಉಳಿದ ರೊಟ್ಟಿಯನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತಿ ಒಣಗಿಸಿದರೆ ಕಡಕ್ ರೊಟ್ಟಿ; ಪೂರ್ತಿ ಒಣಗಿದ್ದರೆ ಹದಿನೈದು ದಿನಕ್ಕೂ ಕೆಡುವುದಿಲ್ಲ. ಅರ್ಧ ಒಣಗಿಸಿ ಡಬ್ಬಿಗೆ ಹಾಕಿದರೆ ಮೂರನೇ ದಿನ ಬೂಸು. ಮುರಿದ ರೊಟ್ಟಿ ಮಜ್ಜಿಗೆಯಲ್ಲಿ ನೆನೆಸಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಬೆಳಗಿನ ತಿಂಡಿ ಆಯಿತು. ಚುರುಮುರಿ ಸುಸಲಾ ಮಾಡುವ ದಿನ ಅದೇ ಒಗ್ಗರಣೆಗೆ ಪುಟಾಣಿ ಹಿಟ್ಟು ಎರಡು ಚಮಚ ಸೇರಿಸಿ. ನಾಲ್ವರಿಗೆ ಪಾವ್ ಕಿಲೋ ಚುರುಮುರಿ ಸಾಕಾಗುತ್ತದೆ.